ಪಕ್ಕದಲ್ಲಿ ಕೂತವರು ಬಾಯಿ ಬಿಡಬೇಕು

ಹೋದ ವಾರ ನಮ್ಮ ಕಾಲೇಜಿನ ಕ್ಯಾಂಟೀನ್‌ನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಬಿಕಾಂ ಎರಡನೇ ವರ್ಷದ ಆರು ಮಕ್ಕಳು. ನಡುವೆ ಒಂದು ಪ್ಲೇಟ್ ಗೋಬಿ ಮಂಚೂರಿ, ಆರು ಟೂತ್‌ಪಿಕ್. ಅವರಲ್ಲೊಬ್ಬಳು ಮಣಿಪುರದ ಹುಡುಗಿ. ಒಬ್ಬ ಹುಡುಗ ನಗುತ್ತಲೇ ಅಂದ: "ಲೋ, ಚಿಂಕಿಗೆ ಖಾರ ಸಾಲಲ್ಲ, ಇನ್ನೊಂಚೂರು ಸಾಸ್ ಹಾಕಿಸ್ಕೊಂಡು ಬಾ." ಚಿಂಕಿ ಅಂದರೆ ಈಶಾನ್ಯದವರ ಮುಖಚಹರೆಯನ್ನು ಹೀಯಾಳಿಸುವ ಮಾತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಟೂತ್‌ಪಿಕ್ ಕೆಳಗಿಟ್ಟಳು. ಮತ್ತೆ ಎತ್ತಿಕೊಳ್ಳಲಿಲ್ಲ.

ನಾನೂ ಅಲ್ಲೇ ಇದ್ದೆ. ನಾನೂ ಏನೂ ಹೇಳಲಿಲ್ಲ. ಅದು ನನ್ನನ್ನು ರಾತ್ರಿಯಿಡೀ ಕೊರೆಯಿತು.

ಮರುದಿನ ಅವಳನ್ನು ಸ್ಟಾಫ್‌ರೂಮಿಗೆ ಕರೆದು ಕೂರಿಸಿ ಮಾತಾಡಿದೆ. ಅರ್ಧ ಇಂಗ್ಲಿಷ್, ಅರ್ಧ ಅವಳು ಕಲಿತ ಕನ್ನಡ. "ಅವನು ಕೆಟ್ಟವನಲ್ಲ ಮೇಡಂ. ನನಗೆ ಜ್ವರ ಬಂದಾಗ ಪಿಜಿಗೆ ಗಂಜಿ ತಂದುಕೊಟ್ಟಿದ್ದೇ ಅವನು" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಉಳಿದ ನಾಲ್ಕು ಜನಕ್ಕೆ ನನಗೆ ಬೇಜಾರಾಗಿದ್ದು ಗೊತ್ತಾಯ್ತು ಮೇಡಂ. ಒಬ್ಬರೂ ಮಾತಾಡಲಿಲ್ಲ" ಅಂದಳು.

ಇವತ್ತು ನಾನು ಬರೆಯುತ್ತಿರುವುದು ಆ ನಾಲ್ಕು ಜನಕ್ಕೆ.

ಜನಾಂಗೀಯ ನಿಂದನೆ ಅಂದರೆ ನಮ್ಮ ಮಕ್ಕಳಿಗೆ ಅಮೆರಿಕ ನೆನಪಾಗುತ್ತದೆ. ಇಲ್ಲಿ ಅದಕ್ಕೆ 'ತಮಾಷೆ' ಅಂತ ಹೆಸರು. 'ಸುಮ್ನೆ ಅಂದಿದ್ದು ಕಣೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ.' ಹಚ್ಚಿಕೊಳ್ಳದೆ ಇರುವ ಕೆಲಸವೂ ಅವಳದ್ದೇ, ನೋಡಿ. ನೊಂದವಳೇ ನಗಬೇಕು, ನೊಂದವಳೇ ದೊಡ್ಡ ಮನಸ್ಸು ಮಾಡಬೇಕು. ದೂರು ಕೊಟ್ಟರೆ ಗ್ಯಾಂಗಿನಿಂದ ಹೊರಗೆ ಬೀಳುವವಳೂ ಅವಳೇ. ಊರಿಂದ ಎರಡು ಸಾವಿರ ಕಿಲೋಮೀಟರ್‌ಗಿಂತ ದೂರ ಬಂದು ಕೂತ ಹುಡುಗಿಗೆ ಇರುವುದೇ ಒಂದು ಗ್ಯಾಂಗ್.

ಮಾತು ಮಾತಾಗಿಯೇ ಉಳಿಯುತ್ತದೆ ಅನ್ನುವವರಿಗೆ ಬೆಂಗಳೂರಿನದ್ದೇ ಎರಡು ನೆನಪು ಹೇಳುತ್ತೇನೆ. 2012ರ ಆಗಸ್ಟ್. ಹಲ್ಲೆ ಆಗುತ್ತದೆ ಅನ್ನುವ ವದಂತಿ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿತು. ಈಶಾನ್ಯದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್ಸೆಮ್ಮೆಸ್‌ಗೆ ಕಡಿವಾಣ ಹಾಕಿತು. ಒಂದು ಮೆಸೇಜಿಗೆ ಅಷ್ಟು ಜನ ಹೆದರಿ ಹೊರಟರಲ್ಲ, ಯಾಕೆ? ಏನಾದರೂ ಆದರೆ ಪಕ್ಕದ ಮನೆಯವರು, ಪಕ್ಕದ ಬೆಂಚಿನವರು ನಮ್ಮ ಜೊತೆ ನಿಲ್ಲುತ್ತಾರೆ ಅನ್ನುವ ಧೈರ್ಯವನ್ನು ನಾವು ಅವರಿಗೆ ಕೊಟ್ಟಿರಲಿಲ್ಲ.

ಇನ್ನೊಂದು 2016ರ ಜನವರಿ ಕೊನೆಯದ್ದು. ಹೆಸರಘಟ್ಟದ ಕಡೆ ಸುಡಾನ್ ದೇಶದವನೊಬ್ಬನ ಕಾರು ಹೊಡೆದು ಒಬ್ಬ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದಿತು. ಅವಳಿಗೂ ಆ ಅಪಘಾತಕ್ಕೂ ಏನೇನೂ ಸಂಬಂಧ ಇರಲಿಲ್ಲ. ಬಣ್ಣ ಒಂದೇ ಇತ್ತು, ಅಷ್ಟೇ ಸಾಕಾಯಿತು. 'ಅವರೆಲ್ಲಾ ಹಂಗೇ' ಅಂತ ನಾವು ಟೀ ಕುಡಿಯುತ್ತಾ ಹೇಳುವ ಮಾತು ರಸ್ತೆಗೆ ಇಳಿದಾಗ ಹಾಗಾಗುತ್ತದೆ.

ದೂರದವರ ಮಾತು ಬಿಡಿ, ನಮ್ಮ ಉತ್ತರ ಕನ್ನಡದ ಸಿದ್ದಿ ಮಕ್ಕಳ ಕಥೆ ಕೇಳಿ. ಯಲ್ಲಾಪುರ, ಹಳಿಯಾಳ, ಅಂಕೋಲದ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವ, ಆಫ್ರಿಕಾ ಮೂಲದ ಜನ. ಅವರ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ಬಂದರು. ಆದರೂ ನಮ್ಮಲ್ಲಿ ಓದಿದ ಯಲ್ಲಾಪುರದ ಹುಡುಗನೊಬ್ಬನಿಗೆ ಮೊದಲ ದಿನವೇ ಆಫೀಸ್ ಕೌಂಟರ್‌ನಲ್ಲಿ ಕೇಳಿದ್ದು, "ವಿಚ್ ಕಂಟ್ರಿ?" ಅವನು ಕನ್ನಡದಲ್ಲಿ ಉತ್ತರ ಕೊಟ್ಟ. "ಅರೆ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀಯ!" ಅಂದರಂತೆ. ಮೂರು ವರ್ಷದಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿದನೋ ಅವನಿಗೇ ಲೆಕ್ಕ ಇಲ್ಲ. ಹುಟ್ಟಿದ ನೆಲದಲ್ಲೇ ದಿನಾ ತನ್ನ ಊರಿಗೆ ಪುರಾವೆ ಕೊಡುತ್ತಾ ಓಡಾಡುವುದು ಎಂಥ ಸುಸ್ತಿನ ಕೆಲಸ ಅಲ್ವಾ?

ಕಾಲೇಜುಗಳು ಏನೂ ಮಾಡುತ್ತಿಲ್ಲ ಅಂತಲ್ಲ. 2012ರ ಯುಜಿಸಿ ನಿಯಮದಲ್ಲೇ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಎಲ್ಲಾ ಇವೆ. ಇರಬೇಕು, ಬೇಕೇ ಬೇಕು. ಆದರೆ ಕ್ಯಾಂಟೀನ್ ಟೇಬಲ್ಲಿಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಪೋಸ್ಟರ್, ಪ್ರತಿಜ್ಞೆಗಳಿಂದಲೂ ನಾನು ಹೆಚ್ಚೇನೂ ಬದಲಾಗಿದ್ದು ನೋಡಿಲ್ಲ.

ನಾನು ಕಣ್ಣಾರೆ ನೋಡಿದ ಬದಲಾವಣೆ ಬೇರೆ ಥರದ್ದು. ಕೆಲವು ವರ್ಷ ಹಾಸ್ಟೆಲ್ ಜವಾಬ್ದಾರಿ ನನ್ನದಾಗಿತ್ತು. ಒಂದು ಸಂಜೆ ಎರಡನೇ ಮಹಡಿಯಲ್ಲಿ ಗಲಾಟೆ. ನಾಗಾಲ್ಯಾಂಡಿನ ಹುಡುಗಿಯ ಡಬ್ಬಿಯಿಂದ 'ಗಬ್ಬು ವಾಸನೆ' ಅಂತ ರೂಮಿನವರು ಡಬ್ಬಿಯನ್ನು ಕಾರಿಡಾರಿನಲ್ಲಿ ಇಟ್ಟಿದ್ದರು. ಅವಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ತೀರ್ಥಹಳ್ಳಿಯ ಹುಡುಗಿ ಬಂದಳು. ಡಬ್ಬಿ ಬಗ್ಗಿ ನೋಡಿ, "ಅಯ್ಯೋ, ಇದು ಕಳಲೆ ಕಣ್ರೇ, ಎಳೆ ಬಿದಿರು! ನಮ್ಮನೇಲಿ ಮಳೆಗಾಲದಲ್ಲಿ ನೀರಲ್ಲಿ ಹಾಕಿಟ್ಟಾಗ ಹಿಂಗೇ ವಾಸನೆ ಬರುತ್ತೆ" ಅಂದಳು. ಅಲ್ಲೇ ನೆಲದ ಮೇಲೆ ಕೂತು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕೊಡಗಿನವಳೊಬ್ಬಳು "ನಂಗೂ ಕೊಡೇ" ಅಂತ ಬಂದಳು. ಡಬ್ಬಿ ರೂಮಿನೊಳಗೆ ಹೋಯಿತು. ಬೈಗುಳ ಇಲ್ಲ, ಭಾಷಣ ಇಲ್ಲ. ನಾನು ವಾರ್ಡನ್ ಆಗಿ ನೋಟಿಸ್ ಹಾಕಿದ್ದರೆ ಆ ಡಬ್ಬಿ ಕದ್ದುಮುಚ್ಚಿ ತಿನ್ನುವ ಡಬ್ಬಿ ಆಗುತ್ತಿತ್ತು.

ಅದಕ್ಕೇ ಹೇಳುವುದು, ಪಕ್ಕದವರು ಮಾತಾಡಬೇಕು. ಅದೂ ಆಗಲೇ, ಆ ಟೇಬಲ್ಲಿನಲ್ಲೇ, ನಮ್ಮ ಭಾಷೆಯಲ್ಲೇ. ಆಮೇಲೆ ವಾಟ್ಸಾಪ್‌ನಲ್ಲಿ 'ಸಾರಿ ಕಣೇ, ಅವನು ಹಂಗನ್ನಬಾರದಿತ್ತು' ಅಂತ ಒಳಗೊಳಗೇ ಹೇಳಿದರೆ ಅವಳಿಗೆ ಸಮಾಧಾನ ಆಗಬಹುದು, ಅವನಿಗೆ ಗೊತ್ತಾಗುವುದಿಲ್ಲ. ದೊಡ್ಡ ಮಾತೂ ಬೇಡ. "ಅವಳಿಗೆ ಹೆಸರಿಲ್ವೇನೋ?" ಅಂದರೆ ಸಾಕು. ಗೆಳೆಯ ಹೇಳಿದರೆ ಗೆಳೆಯ ಕೇಳುತ್ತಾನೆ. ನಾನು ಹೇಳಿದರೆ 'ಮೇಡಂ ಲೆಕ್ಚರ್ ಕೊಟ್ರು' ಆಗುತ್ತದೆ.

ಸಂಘಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ನಿಜವಾಗಲೂ ಸಿಟ್ಟಿದೆ. ಎಥ್ನಿಕ್ ಡೇ ಬಂದರೆ ಮಿಜೋರಾಮಿನ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತೀರಿ, ಬಿದಿರು ಕುಣಿತ ಮಾಡಿ ಅನ್ನುತ್ತೀರಿ. ಕೀನ್ಯಾದವನನ್ನು ಫುಟ್‌ಬಾಲ್ ಟೀಮಿಗೆ ಸೇರಿಸುತ್ತೀರಿ. ಫೆಸ್ಟ್‌ನ ಬಜೆಟ್ ಮೀಟಿಂಗಿಗೆ ಕರೆದಿದ್ದೀರಾ? ಸ್ಟೇಜ್ ಮೇಲೆ ಜಾಗ ಇದೆ, ಮೇಜಿನ ಸುತ್ತ ಇಲ್ಲ. 'ಅವರಿಗೆ ಕನ್ನಡ ಬರಲ್ಲ ಮೇಡಂ' ಅನ್ನುತ್ತೀರಿ. ಯಾರು ಕಲಿಸಿದಿರಿ? ಕನ್ನಡ ಸಂಘ ನವೆಂಬರ್‌ನಲ್ಲಿ ಬಾವುಟ ಹಾರಿಸುವುದರ ಜೊತೆಗೆ, ಜೂನಿಯರ್‌ಗಳು ಬಂದ ತಿಂಗಳಲ್ಲೇ ದಿನಾ ಅರ್ಧ ಗಂಟೆ ಕೂತು ಬಸ್ಸಿನ ಕನ್ನಡ, ಅಂಗಡಿಯ ಕನ್ನಡ ಕಲಿಸಲಿ. ಕಲಿಸುವಾಗ ಅವರ ಹೆಸರನ್ನು ಸರಿಯಾಗಿ ಕರೆಯುವುದನ್ನು ನಾವೂ ಕಲಿಯೋಣ. ಹಾಜರಿ ಕೂಗುವಾಗ ಹೆಸರು ಕಷ್ಟ ಅಂತ ಬರೀ ರೋಲ್ ನಂಬರ್ ಕರೆದವಳು ನಾನು. ಈ ಸೆಮಿಸ್ಟರ್‌ನಿಂದ ಆ ಮಕ್ಕಳನ್ನೇ ಕೇಳಿ, ಹೆಸರಿನ ಪಕ್ಕ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಫೆಸ್ಟ್ ಸಮಿತಿಯ ಪಟ್ಟಿ ಶನಿವಾರ ನನ್ನ ಸಹಿಗೆ ಬರುತ್ತದೆ. ಪಟ್ಟಿ ಮಾಡುತ್ತಿರುವ ಮಕ್ಕಳು ಇದನ್ನು ಓದುತ್ತಿದ್ದೀರಿ ಅಂತ ಗೊತ್ತು. ಕ್ಯಾಂಟೀನಿನ ಆ ನಾಲ್ವರೂ ಓದುತ್ತಿದ್ದೀರಿ. ಆ ಹುಡುಗಿ ಪಿಯುಸಿಯಲ್ಲಿ ಶಾಲೆಯ ಲೆಕ್ಕಪತ್ರ ನೋಡಿಕೊಂಡಿದ್ದಳಂತೆ, ನಿಮಗೆ ಹೇಳಿಲ್ಲ. ನೀವು ಕೇಳಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿ.