ಆಗುಂಬೆಗೆ ಬಂದ ದಿಬ್ಬಣ

ಬೆಂಗಳೂರಿನ ಕಾರುಪ್ರಿಯರ ಗುಂಪೊಂದು ಆಗುಂಬೆ ಘಾಟಿಯಲ್ಲಿ ದಾರಿ ಕಟ್ಟಿ ನಿಂತ ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ, ಮತ್ತೆ ಕಥೆ ಹೇಳುವುದು ಬೇಡ. ಘಾಟಿಯ ತಿರುವು, ತೆಳ್ಳಗೆ ಮಂಜು, ಸಾಲಾಗಿ ಹದಿನೈದು ಕಾರು, ನಡುರಸ್ತೆಯಲ್ಲಿ ನಿಂತು ಡ್ರೋನ್ ಹಾರಿಸುವ ಒಬ್ಬ ಪುಣ್ಯಾತ್ಮ, ಎದುರಿಗೆ ಮುಂದೆಯೂ ಹೋಗಲಾಗದೆ ಹಿಂದೆಯೂ ಸರಿಯಲಾಗದೆ ಗುರುಗುಟ್ಟುತ್ತ ನಿಂತ ಮಿನಿ ಬಸ್ಸು. ಮಲೆನಾಡಿನಲ್ಲಿ ಇಷ್ಟು ಗಾಡಿ ಒಟ್ಟಿಗೆ ಹೊರಟರೆ ಅದು ದಿಬ್ಬಣ. ದಿಬ್ಬಣ ಎಂದ ಮೇಲೆ ಮದುಮಗ ಇರುತ್ತಾನೆ, ವಾಲಗ ಇರುತ್ತದೆ, ಕೊನೆಯಲ್ಲಿ ಊಟವೂ ಇರುತ್ತದೆ. ಇದರಲ್ಲಿ ವಾಲಗ ಮಾತ್ರ ಇದೆ. ಅದೂ ಸೈಲೆನ್ಸರಿನದು.

ಆದರೂ ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ರಜೆಯ ದಿನ ನಡುರಾತ್ರಿ ಎದ್ದು, ರಾಜಧಾನಿಯಿಂದ ಮುನ್ನೂರು ಕಿಲೋಮೀಟರ್ ಓಡಿಸಿಕೊಂಡು ಬಂದು, ಗಾಜನೂರು ದಾಟುವಾಗ ಸಕ್ರೆಬೈಲಿನ ಆನೆಗಳಿಗೂ ಮಂಡಗದ್ದೆಯ ಬೆಳ್ಳಕ್ಕಿಗಳಿಗೂ ಸುಪ್ರಭಾತ ಹೇಳಿ ತೀರ್ಥಹಳ್ಳಿ ಸೇರುವುದೆಂದರೆ ಸಾಮಾನ್ಯ ಭಕ್ತಿಯಲ್ಲ. ಶಾಂತಿ ಹುಡುಕಿಕೊಂಡು ಬಂದವರಂತೆ. ಸಿಕ್ಕಿದ್ದನ್ನು ಸಿಕ್ಕಲ್ಲೇ ಮುಗಿಸಿ ಹೋಗುತ್ತಾರೆ.

ಈ ವ್ರತಕ್ಕೆ ಅವರಿಟ್ಟ ಹೆಸರು ‘ಸ್ಪಿರಿಟೆಡ್ ಡ್ರೈವ್’, ಅಂದರೆ ಹುಮ್ಮಸ್ಸಿನ ಜೋರು ಓಟ. ನಮ್ಮ ಕಡೆ ಸ್ಪಿರಿಟ್ ಒಳಗೆ ಹೋದ ಮೇಲೆ ಸ್ಟೇರಿಂಗ್ ಹಿಡಿದರೆ ಬೇರೆ ಸೆಕ್ಷನ್ ಬೀಳುತ್ತದೆ. ಇವರು ಬರೀ ಫಿಲ್ಟರ್ ಕಾಫಿ ಇಳಿಸಿಯೇ ಆ ಮಟ್ಟ ಮುಟ್ಟುತ್ತಾರೆ. ರೇಸ್ ಎಂದು ಕರೆಯುವ ಹಾಗಿಲ್ಲವಲ್ಲ! ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ವೇಗದ ಪೈಪೋಟಿ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ: ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ದಂಡದ ದುಡ್ಡಿಗೆ ಇವರ ಕಾರಿನ ಒಂದು ಟೈರೂ ಬರುವುದಿಲ್ಲ, ಅದು ಬೇರೆ ಮಾತು.

ಟೈರಿನ ಮಾತು ಬಂತು, ಸ್ವಲ್ಪ ಅಲ್ಲೇ ನಿಲ್ಲೋಣ. 225/40 ಆರ್18 ಎಂದು ಬರೆದಿರುತ್ತದೆ. 225 ಮಿಲಿಮೀಟರ್ ಅಗಲ, ಅದರ ಶೇ 40ರಷ್ಟು ಎತ್ತರ, 18 ಇಂಚಿನ ರಿಮ್ಮು. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರು 90 ಮಿಲಿಮೀಟರ್, ನಾಲ್ಕು ಬೆರಳಿಗಿಂತ ಒಂದಿಷ್ಟು ಹೆಚ್ಚು. ಆಷಾಢದಲ್ಲಿ ನೀರು ತುಂಬಿದ ಗುಂಡಿಯ ಅಂಚಿಗೆ ಇದು ಬಡಿದರೆ ಒಳಗಿನ ದಾರಗಳು ಹರಿದು, ಟೈರಿನ ಕೆನ್ನೆ ಹಲ್ಲುನೋವು ಬಂದವನ ಕೆನ್ನೆಯ ಹಾಗೆ ಊದಿಕೊಳ್ಳುತ್ತದೆ. ಊದಿದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಔಷಧಿಯಿಲ್ಲ, ಬದಲಿಸಲೇಬೇಕು. ಆ ಅಳತೆಯದು ಮೇಗರವಳ್ಳಿಯಲ್ಲಿ ಸಿಗುತ್ತದೆಯೇ? ಸಾಲದ್ದಕ್ಕೆ ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ಕೂರಿಸಿರುತ್ತಾರೆ. ಡಾಂಬರಿನ ಅಂಚು ಕೊರೆದುಹೋದ ಕಡೆ ಎದುರಿನ ಗಾಡಿಗೆಂದು ಒಂದು ಚಕ್ರ ಕೆಳಗಿಳಿಸಿದರೆ ಹೊಟ್ಟೆ ತಾಗುತ್ತದೆ. ಆದ್ದರಿಂದ ಇಳಿಸುವುದೇ ಇಲ್ಲ. ನಡುರಸ್ತೆ ಬಿಡದಿರುವುದು ಅಹಂಕಾರ ಎಂದು ನೀವು ತಿಳಿದಿದ್ದೀರಿ, ಪಾಪ, ಅದು ಗ್ರೌಂಡ್ ಕ್ಲಿಯರೆನ್ಸ್.

ಇನ್ನು ಪಟಾಕಿ. ಘಾಟಿ ಇಳಿಯುವಾಗ ಕಾರಿನ ಹಿಂದಿನಿಂದ ಪಟ್ ಪಟ್ ಢಂ ಎನ್ನುತ್ತದಲ್ಲ, ಅದು ಕೆಟ್ಟ ಇಂಜಿನ್ ಎಂದು ಊರವರು ಮರುಗುತ್ತಾರೆ. ಅಲ್ಲ, ದುಡ್ಡು ಕೊಟ್ಟು ಮಾಡಿಸಿದ್ದು. ಕಂಪ್ಯೂಟರೇ ಪೆಟ್ರೋಲ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಇರುವ ಯಾವ ಕಾರನ್ನಾದರೂ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಸಿ. ಕಂಪ್ಯೂಟರು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ, ಇಂಜಿನ್ನು ಕಾರನ್ನು ಹಿಡಿದು ನಿಧಾನ ಮಾಡುತ್ತದೆ. ಖರ್ಚು ಸೊನ್ನೆ. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಜಾಣರೇ ಉರಿಸುವುದು, ಏಕೆಂದರೆ ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಇಷ್ಟು ಚೆಂದದ ಏರ್ಪಾಟನ್ನು ಕಾರು ಮಾಡಿದವರು ಪುಕ್ಕಟೆ ಕೊಟ್ಟಿದ್ದರೆ, ನಮ್ಮ ದಿಬ್ಬಣದವರು ದುಡ್ಡು ಸುರಿದು ಅದನ್ನು ತೆಗೆಸುತ್ತಾರೆ. ಆ ಕಂಪ್ಯೂಟರಿಗೆ ಹೊಸ ಮ್ಯಾಪ್, ಅಂದರೆ ಹೊಸ ಆಜ್ಞೆಗಳ ಪಟ್ಟಿ ಬರೆಸಿ, ಕಾಲು ಬಿಟ್ಟಾಗಲೂ ಪೆಟ್ರೋಲ್ ಸುರಿಯುವಂತೆ, ಕಿಡಿ ತಡವಾಗಿ ಹೊಡೆಯುವಂತೆ ಮಾಡಿಸುತ್ತಾರೆ. ಸಿಲಿಂಡರಿನಲ್ಲಿ ಉರಿಯಬೇಕಾದ್ದು ಸೈಲೆನ್ಸರ್ ಪೈಪಿನಲ್ಲಿ ಸಿಡಿಯುತ್ತದೆ. ದಾರಿಯಲ್ಲಿ ಕೂತು ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಕಾದು ಒಂದು ದಿನ ಒಳಗೇ ಕರಗುತ್ತದೆ. ಆಗ ಅದನ್ನೂ ಕಿತ್ತು ಬರೀ ಕೊಳವೆ ಕೂರಿಸುತ್ತಾರೆ, ವಾಲಗ ಇನ್ನೂ ಜೋರಾಗುತ್ತದೆ. ಮಂಗ ಓಡಿಸಲು ತೋಟದಲ್ಲಿ ಗರ್ನಾಲು ಹೊಡೆಯುವ ಅಡಿಕೆ ಬೆಳೆಗಾರ ಇದರ ಮುಂದೆ ಮಿತವ್ಯಯಿ. ಸೋಮೇಶ್ವರ ಅಭಯಾರಣ್ಯದ ಸಿಂಗಳೀಕಗಳು ಈ ಕಲೆಗೆ ಏನನ್ನುತ್ತವೋ. ಕಾರಿನಿಂದ ಎಸೆದ ಚಿಪ್ಸ್ ಪೊಟ್ಟಣ ಬಾಯಲ್ಲಿದ್ದರೆ ಮಾತು ಹೇಗೆ ಹೊರಡಬೇಕು?

ಇಷ್ಟೆಲ್ಲ ಖರ್ಚು ಮಾಡಿದವರು ಮಾಡದೆ ಬಿಡುವುದು ಒಂದೇ: ಬ್ರೇಕ್ ಆಯಿಲ್ ಬದಲಿಸುವುದು. ಅದಕ್ಕೆ ಸ್ಟಿಕ್ಕರ್ ಅಂಟಿಸಲು ಬರುವುದಿಲ್ಲ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯ ತೇವ ಹೀರುವ ಜಾತಿಯದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. 14 ಹೇರ್‌ಪಿನ್ ತಿರುವುಗಳುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡಿಸ್ಕ್ ಕೆಂಡವಾಗುತ್ತದೆ, ಆಯಿಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಡಿಸ್ಕನ್ನು ಹಿಡಿಯುವ ಪ್ಯಾಡನ್ನು ತಳ್ಳುವುದಿಲ್ಲ. ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ಘಾಟಿಯ ಬುಡದ ಸೋಮೇಶ್ವರಕ್ಕೆ ಹತ್ತಿರದ ದಾರಿ ಹಿಡಿಯುತ್ತದೆ. ಹತ್ತುವ ಗೇರಿನಲ್ಲೇ ಇಳಿ, ಎರಡನೆಯದರಲ್ಲಿಡು, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡು, ಆಟೊಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡಿಗೆ ಹಾಕು ಎಂದು ತೀರ್ಥಹಳ್ಳಿಯ ಯಾವ ಪಿಕಪ್ ಡ್ರೈವರೂ ಬೀಡಿ ಹಚ್ಚುವುದರೊಳಗೆ ಹೇಳಿಕೊಡುತ್ತಾನೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಬೇಕು. ನೀರು ಹೊಯ್ದರೆ ಡಿಸ್ಕ್ ಸೊಟ್ಟಗಾಗುತ್ತದೆ. ಆದರೆ ಪಿಕಪ್ ಡ್ರೈವರನ್ನು ಕೇಳುವವರು ಯಾರು? ಅವನ ಗಾಡಿಯ ಬೆನ್ನಿಗೆ ಸ್ಪಾಯ್ಲರ್ ಎಂಬ ರೆಕ್ಕೆ ಇಲ್ಲ.

ದಿಬ್ಬಣದ ಲೆಕ್ಕಾಚಾರವೂ ರಂಜನೀಯ. ಮುಂದಿನ ಕಾರು ತಿರುವು ದಾಟಿ ವೇಗ ಹಿಡಿಯುತ್ತದೆ. ಹಿಂದಿನದು ಎರಡು ಸೆಕೆಂಡ್ ತಡ ಮಾಡಿ ಹೊರಡುತ್ತದೆ, ಅದರ ಹಿಂದಿನದು ಮತ್ತೆರಡು. ಹದಿನೈದನೆಯವನ ಪಾಲಿಗೆ 28 ಸೆಕೆಂಡ್ ಬಾಕಿ. ಅಷ್ಟರಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಮುಂದಾಳು ಸುಮಾರು 390 ಮೀಟರ್ ದೂರದಲ್ಲಿ ಕಣ್ಮರೆ. ಬಾಕಿ ತೀರಿಸಲು ಬಾಲದವನು ಎಲ್ಲರಿಗಿಂತ ಜೋರಾಗಿ ಓಡಿಸಲೇಬೇಕು. ಸಾಮಾನ್ಯವಾಗಿ ಬಾಲಕ್ಕೆ ಹಾಕುವುದು ಯಾರನ್ನು? ಮೊದಲ ಸಲ ಘಾಟಿಗೆ ಬಂದವನನ್ನು. ನಾಲ್ಕೈದು ಕಾರಿನ ಗುಂಪು ಮಾಡಿ, ಐದು ನಿಮಿಷ ಬಿಟ್ಟು ಒಂದೊಂದೇ ಗುಂಪು ಹೊರಟು, ಕೆಳಗೆ ಸೋಮೇಶ್ವರದಲ್ಲಿ ಸೇರಿದರೆ ಮುಗಿಯಿತು. ಆದರೆ ಹಾಗೆ ಹೋದರೆ ಡ್ರೋನಿಗೆ ಸಾಲು ಕಾಣುವುದಿಲ್ಲವಲ್ಲ.

ಮಂಜು ಇಳಿದರೆ ಹದಿನೈದೂ ಕಾರು ಎರಡೂ ಬದಿಯ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಲೈಟ್ ಹಾಕಿಕೊಂಡು ಮಿಣಮಿಣ ಓಡುತ್ತವೆ. ಆ ದೀಪ ನಿಂತ ಗಾಡಿಗೆ. ಓಡುವಾಗ ಹಾಕಿದರೆ ಎಡಕ್ಕೆ ಹೋಗುತ್ತಾನೋ ಬಲಕ್ಕೋ ಎಂಬುದು ಆ ಹುಲಿಕಲ್ ಘಾಟಿಯ ದೇವಿ ಚಂಡಿಕಾಂಬೆಗೇ ಗೊತ್ತು.

ಈಗ ಆ ತಿರುವಿಗೆ ಬರೋಣ. ಆಗುಂಬೆಯಲ್ಲಿ ಭಾರಿ ವಾಹನಕ್ಕೆ ಪ್ರವೇಶವಿಲ್ಲ. ರಸ್ತೆ ಸಣ್ಣದು, ಧರೆ ಸಡಿಲ, ತಿರುವು ಕಡಿದು. ಒಪ್ಪಿದೆವು, ಸುತ್ತಿ ಬಳಸಿ ಹೋದೆವು. ಲಾರಿಗೆ ಸಣ್ಣದಾದ ಅದೇ ತಿರುವು ಹದಿನೈದು ಕಾರು ನಿಲ್ಲಿಸಿ ಕುಣಿಯಲು ಸಾಕಷ್ಟು ದೊಡ್ಡದಾಗಿದೆ. ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ ತೀರ್ಥಹಳ್ಳಿ ಸೀಮೆಯವರು ಮಣಿಪಾಲಕ್ಕೆ ಇಳಿಯುವುದು ಇದೇ ದಾರಿಯಲ್ಲಿ. ಇದು ಆಟದ ಬಯಲಲ್ಲ ಮಾರಾಯರೇ. ಆಂಬುಲೆನ್ಸಿನ ಒಳಗೆ ಒಂದು ಜೀವ ಎಣಿಸಿಕೊಂಡು ಉಸಿರಾಡುತ್ತಿರುತ್ತದೆ, ಹೊರಗೆ ಒಬ್ಬ ‘ಬ್ರೋ, ಒಂದೇ ಶಾಟ್’ ಎನ್ನುತ್ತಿರುತ್ತಾನೆ. ಎಷ್ಟು ಸಲ ಇದನ್ನೇ ಬರೆಯುವುದು? ಬರೆದು ಬರೆದು ಸಾಕಾಗಿದೆ.

ಹೇರ್‌ಪಿನ್ನಿನಲ್ಲಿ ಬಸ್ಸು ತಿರುಗಬೇಕಾದರೆ ಹೊರಗಿನ ಅಂಚಿನವರೆಗೆ ಹೋಗಬೇಕು, ಇಡೀ ರಸ್ತೆ ಬೇಕು. ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮದಲ್ಲೇ ಇತ್ತು. ಏರಿನಲ್ಲಿ ನಿಂತ ತುಂಬು ಬಸ್ಸನ್ನು ಮತ್ತೆ ಹೊರಡಿಸುವ ಕಷ್ಟ ಅದರ ಕ್ಲಚ್ಚಿಗೇ ಗೊತ್ತು. ಬಿಡೋಣವೆಂದರೂ ಮುಂದಿನ ಕಾರು ಹಿಂದೆ ಸರಿಯುವಂತಿಲ್ಲ, ಹಿಂದಿನ ಹದಿನಾಲ್ಕೂ ಮೂತಿಗೆ ಮೂತಿ ಅಂಟಿಸಿ ನಿಂತಿವೆ. ಎಲ್ಲರ ಕೈಯಲ್ಲೂ ವಾಕಿಟಾಕಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವುದರಿಂದ ಯಾರಿಗೂ ಏನೂ ಕೇಳುತ್ತಿಲ್ಲ. ಕೊನೆಗೆ ಬಸ್ಸಿನ ಕಂಡಕ್ಟರ್ ಲುಂಗಿ ಎತ್ತಿ ಕಟ್ಟಿ ಇಳಿಯುತ್ತಾನೆ. ಮುಂದಿನವನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಬಾಲಕ್ಕೆ ನಡೆದು, ಹದಿನೈದನೆಯ ಕಾರಿನ ಹಿಂದೆ ನಿಂತು, ಬೆನ್ನಿಗೆ ತಟ್ಟುತ್ತಾನೆ: ‘ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!’ ಆಮೇಲೆ ಹದಿನಾಲ್ಕನೆಯದು.