ಲೈಫ್ ಜಾಕೆಟ್ ಬಿಚ್ಚಿದವನಿಗೆ ದಂಡ ಬೇಕೇ?

ಪರ

ಕಾಸರಗೋಡು ಜಿಲ್ಲೆಯ ಕೋಟಪ್ಪುರದ ಜೆಟ್ಟಿ ಬಿಟ್ಟು ಪ್ರವಾಸಿ ಬೋಟು ಹಿನ್ನೀರಿನಲ್ಲಿ ವಲಿಯಪರಂಬದ ಕಡೆ ತಿರುಗಿದ ಕೂಡಲೇ ಟಕ್, ಟಕ್ ಎಂಬ ಸದ್ದು ಶುರುವಾಗುತ್ತದೆ. ಜಾಕೆಟಿನ ಬಕಲ್ ಬಿಚ್ಚುವ ಸದ್ದು ಅದು. ದಡದಲ್ಲಿ ನೋಡುವವರಿದ್ದಾರೆಂದು ಹಾಕಿಕೊಂಡದ್ದು ದಡ ಮರೆಯಾದೊಡನೆ ಸೀಟಿನಡಿ ಸೇರುತ್ತದೆ. ಫೋಟೋದಲ್ಲಿ ಸೀರೆ ಕಾಣಬೇಕು, ಸೆಖೆ ಬೇರೆ. ಬೋಟಿನವ ಎರಡು ಸಲ ಹೇಳುತ್ತಾನೆ, ಮೂರನೆಯ ಸಲ ಸುಮ್ಮನಾಗುತ್ತಾನೆ. ಹಣ ಕೊಟ್ಟು ಬಂದವರನ್ನು ಗದರಿಸಲು ಅವನಿಗೆ ಧೈರ್ಯ ಎಲ್ಲಿಂದ ಬರಬೇಕು? ಬೆನ್ನಿಗೆ ಒಂದು ದಂಡದ ನಿಯಮವಿದ್ದರೆ ಆ ಧೈರ್ಯ ಬರುತ್ತದೆ.

ನನ್ನ ಜೀವ, ನನ್ನಿಷ್ಟ ಎನ್ನುವವರು ತೇಕ್ಕಡಿಯನ್ನು ನೆನೆಯಲಿ. 2009ರ ಸೆಪ್ಟೆಂಬರ್ 30ರಂದು ಅಲ್ಲಿ ‘ಜಲಕನ್ಯಕಾ’ ಎಂಬ ಪ್ರವಾಸಿ ಬೋಟು ಮಗುಚಿ 45 ಮಂದಿ ತೀರಿಕೊಂಡರು. ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ನುಗ್ಗಿದ್ದೂ ಕಾರಣಗಳಲ್ಲೊಂದು ಎಂದು ಆಗ ವರದಿಯಾಗಿತ್ತು. ಎದ್ದು ನಿಂತವನ ಜತೆಗೆ ಕೂತವರೂ ನೀರಿಗೆ ಬೀಳುತ್ತಾರೆ.

ಈಜು ಬರುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಈ ಬೋಟುಗಳು ಓಡಾಡುವ ಕವ್ವಾಯಿ ಹಿನ್ನೀರು ನೋಡಲಿಕ್ಕೆ ಕೆರೆಯ ಹಾಗೆ ತಣ್ಣಗಿದೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಹತ್ತಿರ ಅದೇ ನೀರು ಕಡಲಿನತ್ತ ಎಳೆಯುವ ರಭಸ ಕೆರೆಯಲ್ಲಿ ಈಜು ಕಲಿತವರಿಗೆ ಗೊತ್ತಿರುವುದಿಲ್ಲ.

ಹೆಲ್ಮೆಟ್ಟಿನ ವಿಷಯದಲ್ಲಿ ಆದದ್ದನ್ನೇ ನೋಡಿ. ಎಷ್ಟು ವರ್ಷ ಉಪದೇಶ ಕೇಳಿದೆವು! 500 ರೂಪಾಯಿ ದಂಡ, ಅದರ ಮೇಲೆ 2023ರಲ್ಲಿ ರಸ್ತೆಗಳಲ್ಲಿ ಕ್ಯಾಮರಾ. ಆಮೇಲೆ ಕುಂಬಳೆ ಪೇಟೆಯಲ್ಲಿ ಸ್ಕೂಟರಿನ ಹಿಂದೆ ಕೂತ ಅಮ್ಮಂದಿರ ತಲೆಗೂ ಹೆಲ್ಮೆಟ್ ಬಂತು. ಜಾಕೆಟಿಗೂ ಇದೇ ದಾರಿ.

ವಿರೋಧ

ಜಾಕೆಟ್ ಹಾಕಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ದಂಡ ಯಾರ ತಲೆಗೆ ಎಂಬುದೇ ನನ್ನ ಪ್ರಶ್ನೆ.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಬೋಟು ಮಗುಚಿ 22 ಜೀವ ಹೋಯಿತು. ಮೀನು ಹಿಡಿಯುವ ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿ ಬೋಟು ಮಾಡಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿ, ಹೊತ್ತು ಮುಳುಗಿದ ಮೇಲೆ ಹೊರಟಿದ್ದರು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದ ತಾಯಿ ಟಿಕೆಟ್ ತೆಗೆದುಕೊಳ್ಳುವಾಗ ದೋಣಿಯ ಅಡಿ ನೋಡಿ ಇದೆಲ್ಲ ತಿಳಿಯಬಲ್ಲಳೇ? 2002ರಲ್ಲಿ ಕುಮರಗಂ ಬಳಿ ಬೋಟು ಮುಳುಗಿ 29 ಮಂದಿ ಸತ್ತರಲ್ಲ, ಅವರಲ್ಲಿ ಹಲವರು ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೆ ಹೊರಟ ಹುಡುಗ ಹುಡುಗಿಯರು. ಪರೀಕ್ಷೆ ಇರುವ ದಿನ ಬೋಟಿನಲ್ಲಿ ಜನ ಹೆಚ್ಚಾಯಿತೆಂದು ಯಾರು ಇಳಿದು ಹೋಗುತ್ತಾರೆ?

ಕಳೆದ ಬೇಸಗೆ ರಜೆಯಲ್ಲಿ ಬದಿಯಡ್ಕದಿಂದ ನಾವು ಏಳು ಮಂದಿ ಬೋಟಿಂಗಿಗೆ ಹೋದೆವು. ತಂಗಿಯ ಮಗಳಿಗೆ ಆರು ವರ್ಷ. ಅವಳಿಗೆ ಕೊಟ್ಟ ಜಾಕೆಟಿನೊಳಗೆ ಇಂಥ ಇಬ್ಬರು ಮಕ್ಕಳು ಹಿಡಿಯುತ್ತಿದ್ದರು. ತೊಡಿಸಿದರೆ ಭುಜದಿಂದ ಮೇಲೆದ್ದು ಕಿವಿಯವರೆಗೆ ಬಂತು. ಒಂದು ಬಕಲ್ ಮುರಿದಿತ್ತು, ಅದರ ಜಾಗದಲ್ಲಿ ಪ್ಲಾಸ್ಟಿಕ್ ಹಗ್ಗ. ಹಿಂದಿನವರ ಬೆವರಿನ ವಾಸನೆ ಹಾಗೇ ಇತ್ತು. ಚಿಕ್ಕದು ಕೊಡಿ ಎಂದೆ. “ಇದೇ ಇರುವುದು” ಎಂದರು. ಆ ಮಗು ಅದನ್ನು ಬಿಚ್ಚಿದ್ದರೆ ದಂಡ ಕಟ್ಟಬೇಕಾದವರು ನಾವೇ?

ಇನ್ನು ಫಲಕ. ಸೂಚನೆಗಳೆಲ್ಲ ಮಲಯಾಳದಲ್ಲಿದ್ದವು, ಒಂದೆರಡು ಸಾಲು ಇಂಗ್ಲಿಷು. ನಮ್ಮ ಅತ್ತೆಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಾಸರಗೋಡಿನಲ್ಲಿ ಹಾಗಿರುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಸುಳ್ಯ, ಪುತ್ತೂರಿನಿಂದ ಬರುವವರಿಗಂತೂ ಮಾತೂ ತಿಳಿಯದು. ಓದಲಾಗದ ನಿಯಮಕ್ಕೆ ರಸೀದಿ ಹರಿಯುವುದು ಅನ್ಯಾಯ.

ಕಾನೂನಿಗೇನೂ ಕೊರತೆಯಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ನೋಂದಣಿ, ತಪಾಸಣೆ, ಜೀವರಕ್ಷಕ ಸಲಕರಣೆ ಎಲ್ಲವೂ ಇವೆ, ತಪ್ಪಿದವರಿಗೆ ಶಿಕ್ಷೆಯೂ ಇದೆ. ಅದನ್ನು ಬೋಟಿನ ಮಾಲಕರ ಮೇಲೆ, ತಪಾಸಣೆ ಮಾಡದೆ ಸಹಿ ಹಾಕುವವರ ಮೇಲೆ ಮೊದಲು ಹೂಡಲಿ. ಎಷ್ಟು ಜನ ಹತ್ತಬಹುದೆಂದು ಬೋಟಿನ ಮೈಮೇಲೆ ದೊಡ್ಡ ಅಂಕಿಯಲ್ಲಿ, ಕನ್ನಡದಲ್ಲೂ, ಬರೆಸಲಿ. ಮಕ್ಕಳ ಅಳತೆಯ ಜಾಕೆಟ್ ಇಲ್ಲದಿದ್ದರೆ ಬೋಟು ಜೆಟ್ಟಿ ಬಿಡಬಾರದು. ಇಷ್ಟಾದ ಮೇಲೂ ಬಿಚ್ಚುವವರಿಗೆ ದಂಡ ಹಾಕಿದರೆ ನಾನೂ ಎದುರಾಡುವುದಿಲ್ಲ.

ಆ ದಿನ ನಾವು ಹತ್ತಲಿಲ್ಲ. ಟಿಕೆಟಿನ ಹಣ ವಾಪಸು ಕೇಳಿದೆವು, ಕೊಡಲಿಲ್ಲ.