ಮುಳುಗಿದ ಹಡಗಿನ ಗಂಟೆ ಮೇಲೆ ತಂದದ್ದು ಸರಿಯೇ?

ಪರ: ಮನೆಯವರು ಕೇಳಿದ್ದರು, ಅಷ್ಟು ಸಾಕು

1975ರ ನವೆಂಬರ್ 10ರ ರಾತ್ರಿ ಅಮೆರಿಕ-ಕೆನಡಾ ನಡುವಿನ ಸುಪೀರಿಯರ್ ಸರೋವರದಲ್ಲಿ 'ಎಡ್ಮಂಡ್ ಫಿಟ್ಜೆರಾಲ್ಡ್' ಮುಳುಗಿತು. 729 ಅಡಿ ಉದ್ದದ ಹಡಗು. ತುಂಬಿದ್ದು ಕಬ್ಬಿಣದ ಅದಿರಿನ ಉಂಡೆ, ನಮ್ಮ ಪಣಂಬೂರಿನಲ್ಲಿ ಮಾಡುತ್ತಾರಲ್ಲ, ಅಂಥದೇ ಪೆಲೆಟ್. ಬಿರುಗಾಳಿಗೆ ರೇಡಾರ್ ಕೆಟ್ಟಿತ್ತು, ಹಡಗು ವಾಲಿತ್ತು. ಹಿಂದೆ ಬರುತ್ತಿದ್ದ ಹಡಗಿನವರು ರೇಡಿಯೋದಲ್ಲಿ ವಿಚಾರಿಸಿದಾಗ ಕ್ಯಾಪ್ಟನ್ ಮೆಕ್‌ಸೋರ್ಲಿ, ಹೇಗೋ ನಿಭಾಯಿಸುತ್ತಿದ್ದೇವೆ ಎಂದರು. ಆಮೇಲೆ ಮಾತೇ ಇಲ್ಲ. 29 ಜನರಲ್ಲಿ ಒಬ್ಬರ ಶವವೂ ಮನೆ ಸೇರಲಿಲ್ಲ.

ಹಡಗಿನ ಗಂಟೆಯನ್ನಾದರೂ ತಂದುಕೊಡಿ ಎಂದು ಮನೆಯವರು ಕೇಳಿಕೊಂಡರು. 1995ರ ಜುಲೈ 4ರಂದು ಗಂಟೆ ಮೇಲೆ ಬಂತು. ಅದರ ಜಾಗದಲ್ಲಿ 29 ಹೆಸರು ಕೆತ್ತಿದ ಹೊಸ ಗಂಟೆ ಇಟ್ಟರು. ಇದರಲ್ಲಿ ತಪ್ಪೇನು?

ಮಲ್ಪೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2018ರ ಡಿಸೆಂಬರ್‌ನಲ್ಲಿ 'ಸುವರ್ಣ ತ್ರಿಭುಜ' ಮೀನುಗಾರಿಕೆ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ.

ನಮ್ಮ ಓಣಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಅವರ ಗಂಡ ಬೇರೊಂದು ಬೋಟಿಗೆ ಹೋದವರು ಬರಲಿಲ್ಲ. ಹಲಗೆ, ಬಲೆ, ಏನೂ ಸಿಗಲಿಲ್ಲ. ಅಕ್ಕ ಕರಿಮಣಿ ತೆಗೆದಿಲ್ಲ, ಫೋಟೊಗೆ ಹಾರ ಹಾಕಲು ಬಿಡುವುದಿಲ್ಲ. ಪೂಜೆಗೆ ಬಂದರೆ ಕುಂಕುಮದ ಬಟ್ಟಲು ಹಿಡಿದ ಹೆಂಗಸರು ಅವರ ಮುಂದೆ ಒಂದು ಕ್ಷಣ ನಿಂತುಬಿಡುತ್ತಾರೆ. ಕೊಡಬೇಕಾ, ಬೇಡವಾ? ಅಕ್ಕ ತಾವೇ ಬೆರಳು ಅದ್ದಿ ಹಣೆಗಿಟ್ಟುಕೊಳ್ಳುತ್ತಾರೆ. ಆ ಬೋಟಿನ ಒಂದು ಹಗ್ಗ ಸಿಕ್ಕಿದ್ದರೂ ಮನೆಯಲ್ಲಿ ಉತ್ತರಕ್ರಿಯೆ ಆಗುತ್ತಿತ್ತು. ನೀರಿನಡಿ ಇದ್ದದ್ದು ಅಲ್ಲೇ ಇರಲಿ ಎನ್ನುವವರು ಒಮ್ಮೆ ಆ ಜಗಲಿಯಲ್ಲಿ ಕೂತು ಹೇಳಲಿ.

ವಿರೋಧ: ಅದು ಸಮಾಧಿ

ಈ ಬದಿ ಬರೆಯಲು ನನಗೆ ಹೇಳಿದ್ದಾರೆ. ಮನೆಯವರ ದುಃಖದ ಬಗ್ಗೆ ನನ್ನ ತಕರಾರಿಲ್ಲ. ಆದರೆ 29 ಜನರಿಗೆ ಆ ಹಡಗೇ ಸಮಾಧಿ, ಸಮಾಧಿಯಿಂದ ಯಾರೂ ಏನೂ ಕೀಳುವುದಿಲ್ಲ. ಇವತ್ತು ಗಂಟೆ, ನಾಳೆ ಚುಕ್ಕಾಣಿ, ನಾಡಿದ್ದು ಅಡುಗೆಮನೆಯ ತಟ್ಟೆ ಎಂದಾದರೆ?

ಗಂಟೆ ಬಂದದ್ದರಿಂದ ಕಾರಣವೂ ಗೊತ್ತಾಗಲಿಲ್ಲ. ಸರಕು ಕೋಣೆಯ ಮುಚ್ಚಳಗಳಿಂದ ನೀರು ನುಗ್ಗಿತು ಎಂದು ಕೋಸ್ಟ್ ಗಾರ್ಡ್ ವರದಿ. ಕ್ಯಾರಿಬೂ ದ್ವೀಪದ ಹತ್ತಿರ ತಳ ತಾಗಿತು ಎಂದು ಹಡಗು ಕಂಪನಿಗಳ ಸಂಘ. ಜಗಳ ಇನ್ನೂ ಮುಗಿದಿಲ್ಲ.

1994ರಲ್ಲಿ ಕೆಳಗಿಳಿದ ತಂಡವೊಂದು ಹಡಗಿನ ಪಕ್ಕ ಬಿದ್ದಿದ್ದ ಶವವನ್ನೇ ವಿಡಿಯೋ ಮಾಡಿತು. ಮನೆಯವರಿಗೆ ಅದೆಷ್ಟು ನೋವಾಗಿರಬೇಡ! 2006ರಲ್ಲಿ ಕೆನಡಾದ ಒಂಟಾರಿಯೊ ಸರ್ಕಾರ, ಪರವಾನಗಿ ಇಲ್ಲದೆ ಯಾರೂ ಆ ಜಾಗದ ಹತ್ತಿರ ಇಳಿಯಬಾರದು ಎಂದು ನಿಯಮ ತಂದಿತು. ಹಡಗು ಮುಳುಗಿದ ವರ್ಷವೇ ಅದು ಬರಬೇಕಿತ್ತು.